ತಾಳ್ಮೆಯಮ್ಮನ ಮೊಟ್ಟೆ

ಮೊಟ್ಟೆ ಸಂಘದ ಅಧ್ಯಕ್ಷೆಗೆ ಊರಿನವರು ಇಟ್ಟ ಹೆಸರು ತಾಳ್ಮೆಯಮ್ಮ. ಹೆಸರು ಕೇಳಿ ಮೋಸಹೋಗಬೇಡಿ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದ ಹೆಂಗಸು ಅವಳು. ತವರಿನಲ್ಲಿ ಅವಳನ್ನು ಸಿಡುಕಿ ಎನ್ನುತ್ತಿದ್ದರು. ಮದುವೆಯಾಗಿ ಬಂದ ವಾರದೊಳಗೆ ಅತ್ತೆಯೂ ಯಾರೂ ಹೇಳಿಕೊಡದೆ ಅದೇ ಹೆಸರನ್ನು ಕಂಡುಹಿಡಿದರು. ಹಾಲು ಉಕ್ಕಿದರೆ ಒಲೆಗೆ ಬೈಯುವವಳು, ಹೊಸಿಲು ಎಡವಿದರೆ ಬಾಗಿಲಿಗೆ ಒಂದು ಏಟು ಕೊಟ್ಟೇ ಒಳಗೆ ಹೋಗುವವಳು. ಇಂಥವಳಿಗೆ ತಾಳ್ಮೆಯಮ್ಮ ಎಂಬ ಬಿರುದು ಬಂದದ್ದು ಒಂದು ಕಥೆ, ಅದನ್ನು ಹೊತ್ತುಕೊಂಡು ದೇಶ ಬಿಟ್ಟು ದೇಶಕ್ಕೆ ಹೋಗಿ ಬಂದದ್ದು ಇನ್ನೊಂದು ಕಥೆ. ಎರಡನ್ನೂ ಒಟ್ಟಿಗೇ ಕೇಳಬೇಕು.

ಸಂಘ ಇದ್ದದ್ದು ಹಳೆಯ ಧಾನ್ಯದ ಗೋದಾಮಿನಲ್ಲಿ. ಬೆಳಗಾದರೆ ಊರಿನ ಹೆಂಗಸರು ಬುಟ್ಟಿ ಹಿಡಿದು ಬರುತ್ತಿದ್ದರು. ಗೋದಾಮಿನ ಮೂಲೆಯಲ್ಲಿ ಕಿಟಕಿಯಿಲ್ಲದ ಒಂದು ಕತ್ತಲೆ ಕೋಣೆ. ಅಲ್ಲಿ ತಗಡಿನ ಡಬ್ಬಿಯೊಳಗೆ ಬಲ್ಬು ಉರಿಸಿ, ಡಬ್ಬಿಯ ತೂತಿಗೆ ಮೊಟ್ಟೆ ಹಿಡಿದು, ಒಳಗೆ ಚೆನ್ನಾಗಿದೆಯೋ ಕೆಟ್ಟಿದೆಯೋ ನೋಡುವ ಕೆಲಸ ತಾಳ್ಮೆಯಮ್ಮನ ಓರಗಿತ್ತಿಯದು, ಅಂದರೆ ಮೈದುನನ ಹೆಂಡತಿಯದು. ಕಡಿಮೆ ಮಾತಿನವಳು. ಮೊಟ್ಟೆಯನ್ನು ಹೇಗೆ ನೋಡುತ್ತಿದ್ದಳೋ ಮನುಷ್ಯರನ್ನೂ ಹಾಗೇ ನೋಡುತ್ತಿದ್ದಳು, ಒಂದು ಸಲ ಈ ಕಡೆ, ಒಂದು ಸಲ ಆ ಕಡೆ ತಿರುಗಿಸಿ. ಬಲ್ಬಿನ ಝಳಕ್ಕೆ ಅವಳ ಬೆನ್ನೆಲ್ಲ ಬೆವರಾಗಿರುತ್ತಿತ್ತು.

ಸಂಘ ಶುರುವಾದ ಹೊಸತರಲ್ಲಿ ಸಭೆ ಎಂದರೆ ಜಗಳ. ಎತ್ತು ಏರಿಗೆಳೆದರೆ ಕೋಣ ನೀರಿಗೆ ಎಂಬಂತೆ ಒಬ್ಬಳು ಒಂದು ಹೇಳಿದರೆ ಇನ್ನೊಬ್ಬಳಿಗೆ ಅದರ ತದ್ವಿರುದ್ಧ ಹೇಳದೆ ಉಂಡದ್ದು ಅರಗುತ್ತಿರಲಿಲ್ಲ. ಒಂದು ದಿನ ಜಗಳದ ಭರದಲ್ಲಿ ಬುಟ್ಟಿಗೆ ಬುಟ್ಟಿಯೇ ಉರುಳಿ ಗೋದಾಮಿನ ನೆಲ ಹಳದಿಯಾಯಿತು. ಅದನ್ನು ಒರೆಸುತ್ತಾ ಒರೆಸುತ್ತಾ ಅಧ್ಯಕ್ಷೆ ಒಂದು ನಿಯಮ ಮಾಡಿದಳು. ಇನ್ನು ಮುಂದೆ ಮಾತಾಡುವವಳು ಮನೆಯಿಂದ ತಂದ ಹಸಿ ಮೊಟ್ಟೆಯೊಂದನ್ನು ಅಂಗೈಯಲ್ಲಿ ಹಿಡಿದುಕೊಂಡೇ ಮಾತಾಡಬೇಕು. ಕೋಪ ಬಂದು ಮುಷ್ಟಿ ಬಿಗಿದರೆ ಮೊಟ್ಟೆ ಒಡೆಯುತ್ತದೆ. ಒಡೆದವಳು ಮುಂದಿನ ಸಭೆಯವರೆಗೆ ತುಟಿ ಪಿಟಕ್ಕೆನ್ನಬಾರದು.

ನಿಯಮವೇನೋ ಚೆನ್ನಾಗಿತ್ತು. ಅದಕ್ಕೆ ಮೊದಲು ಬಲಿಯಾದವಳು ನಿಯಮ ಮಾಡಿದವಳೇ. ಸಭೆಯಿಂದ ಸಭೆಗೆ ಅವಳ ಕೈ ಹಳದಿಯಾಗುತ್ತಿತ್ತು, ಅಧ್ಯಕ್ಷೆ ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕಾಗುತ್ತಿತ್ತು. ಹೀಗಿರುವಾಗ ಒಂದು ಬೆಳಗ್ಗೆ ಗಡಿಬಿಡಿಯಲ್ಲಿ ಮೇಜಿನ ಮೇಲಿದ್ದ ಮೊಟ್ಟೆ ಎತ್ತಿಕೊಂಡು ಸಭೆಗೆ ಹೋದಳು. ಅಂದು ಯಾರೋ ಕೊಂಕು ಮಾತಾಡಿದರು. ಇವಳು ಮುಷ್ಟಿ ಬಿಗಿದಳು, ಹಲ್ಲು ಕಡಿದಳು, ಮೇಜನ್ನೂ ಒಂದು ಸಲ ಕುಟ್ಟಿದಳು. ಮೊಟ್ಟೆ ಒಡೆಯಲಿಲ್ಲ. ಹೆಂಗಸರು ಬೆರಗಾದರು. ಹೊರಗೆ ಅಷ್ಟು ಕೋಪ ತೋರಿಸಿಯೂ ಒಳಗೆ ಎಂಥ ತಾಳ್ಮೆ ಇದ್ದೀತು ಈ ಹೆಂಗಸಿಗೆ ಎಂದು ಮಾತಾಡಿಕೊಂಡರು. ಅವಳೂ ಬೆರಗಾಗಿ ಮನೆಗೆ ಬಂದರೆ, ಸೈಕಲ್ ರಿಪೇರಿ ಅಂಗಡಿಗೆ ಹೊರಟಿದ್ದ ಗಂಡ ಮೇಜಿನ ಕೆಳಗೆಲ್ಲ ಬಗ್ಗಿ ತಡಕುತ್ತಿದ್ದ. ಮಧ್ಯಾಹ್ನಕ್ಕೆಂದು ಬೇಯಿಸಿಟ್ಟಿದ್ದ ಮೊಟ್ಟೆ ಎಲ್ಲಿ ಹೋಯಿತು ಎಂದು ಅವನಿಗೆ ತಿಳಿಯುತ್ತಿರಲಿಲ್ಲ.

ಗಂಡ ಹೆಂಡತಿ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಆದರೆ ಅಂದಿನಿಂದ ಪ್ರತಿ ಸಭೆಯ ಬೆಳಗ್ಗೆ ಅವನು ಒಂದು ಮೊಟ್ಟೆ ಹೆಚ್ಚಿಗೆ ಬೇಯಿಸಿ ಅವಳ ಕೈಚೀಲದಲ್ಲಿ ಇಡುತ್ತಿದ್ದ, ಸಂಜೆ ಅದನ್ನೇ ಸುಲಿದು ಉಪ್ಪು ಹಾಕಿಕೊಂಡು ತಿನ್ನುತ್ತಿದ್ದ. ಚಿಪ್ಪಿನ ಬಿರುಕು ನೋಡಿದರೆ ಸಾಕು, ಸಭೆ ಹೇಗೆ ನಡೆಯಿತೆಂದು ಅವನಿಗೆ ಗೊತ್ತಾಗುತ್ತಿತ್ತು.

ವರ್ಷಗಳು ಉರುಳಿದವು, ಸಿಡುಕಿ ತಾಳ್ಮೆಯಮ್ಮನಾದಳು. ಇಲ್ಲೊಂದು ತೊಂದರೆ ಹುಟ್ಟಿಕೊಂಡಿತು. ಉಳಿದವರ ಮೊಟ್ಟೆ ಇವತ್ತಲ್ಲ ನಾಳೆ ಒಡೆಯುತ್ತಿತ್ತು, ಇವಳದು ಒಡೆಯುತ್ತಲೇ ಇರಲಿಲ್ಲ. ಒಡೆಯದಿದ್ದರೆ ಮಾತು ನಿಲ್ಲಿಸುವುದೇಕೆ? ಸಭೆಯಲ್ಲಿ ಅವಳು ಶುರು ಮಾಡಿದರೆ ಕೋಳಿಗಳು ಗೂಡು ಸೇರುವ ಹೊತ್ತಾದರೂ ಮುಗಿಸುತ್ತಿರಲಿಲ್ಲ. ಕುರ್ಚಿ ಅವಳದು, ಮಾತು ಅವಳದು, ತೀರ್ಮಾನವೂ ಅವಳದೇ. ಕತ್ತಲೆ ಕೋಣೆಗೆ ಒಂದು ಫ್ಯಾನು ಬೇಕು ಎಂದು ಓರಗಿತ್ತಿ ಎಷ್ಟೋ ಸಲ ಎದ್ದು ನಿಂತಿದ್ದಳು. ಪ್ರತಿ ಸಲವೂ ಅಧ್ಯಕ್ಷೆ ನಡುವೆ ಬಾಯಿ ಹಾಕುತ್ತಿದ್ದಳು. ಮೊಟ್ಟೆಗೆ ಇಲ್ಲದ ಸೆಖೆ ನಿನಗೆ ಎಲ್ಲಿಂದ ಬಂತಮ್ಮ ಎಂದು ಒಮ್ಮೆ, ಫ್ಯಾನಿನ ಗಾಳಿಗೆ ಮೊಟ್ಟೆಗೆ ನೆಗಡಿ ಆದರೆ ಎಂದು ಇನ್ನೊಮ್ಮೆ. ಸಭೆ ಗೊಳ್ಳೆನ್ನುತ್ತಿತ್ತು, ಓರಗಿತ್ತಿಯ ಒದ್ದೆ ಕೈಯಲ್ಲಿ ಮೊಟ್ಟೆ ಪಚಕ್ಕೆನ್ನುತ್ತಿತ್ತು, ಫ್ಯಾನಿನ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಇಂಥ ಸಂದರ್ಭದಲ್ಲಿ ಗ್ರಾಮೀಣ ಮಹಿಳಾ ಸಂಘಟನೆಗಳ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಒಬ್ಬ ಪ್ರತಿನಿಧಿಯನ್ನು ಕಳಿಸಿ ಎಂದು ಸಂಘಕ್ಕೆ ಕರೆ ಬಂತು. ಹೋಗಿಬರುವ ಏರ್ಪಾಡೆಲ್ಲ ಸಮ್ಮೇಳನದವರದೇ. ಯಾರು ಹೋಗಬೇಕು ಎಂದು ಅಧ್ಯಕ್ಷೆ ಕೇಳಿ ಮುಗಿಸುವಷ್ಟರಲ್ಲಿ ಎಲ್ಲ ಕೈಗಳೂ ಮೇಲೆದ್ದಿದ್ದವು. ಬಟ್ಟೆ ಹೊಲಿಯುವ ಕಾರ್ಯದರ್ಶಿಯಂತೂ ಎರಡೂ ಕೈ ಎತ್ತಿದ್ದಳು. ಎಲ್ಲರ ಬಾಯಲ್ಲೂ ಒಂದೇ ಮಾತು: ತಾಳ್ಮೆಯಮ್ಮನೇ ಹೋಗಬೇಕು, ಅವರಲ್ಲದೆ ಇನ್ಯಾರು. ಇದ್ದಕ್ಕಿದ್ದಂತೆ ಇಷ್ಟು ಪ್ರೀತಿ ಉಕ್ಕಿದ್ದು ನೋಡಿ ಅವಳ ಕಣ್ಣು ತುಂಬಿ ಬಂತು.

"ಅಕ್ಕ, ನೀವು ನಿಶ್ಚಿಂತೆಯಿಂದ ಹೋಗಿ ಬನ್ನಿ. ಇಲ್ಲಿದ್ದೆಲ್ಲ ನಾವು ನೋಡ್ಕೋತೀವಿ," ಎಂದಳು ಓರಗಿತ್ತಿ. ಅವಳು ಅಷ್ಟು ಉದ್ದದ ಮಾತಾಡಿದ್ದು ಅದೇ ಮೊದಲು ಎಂಬುದು ತಾಳ್ಮೆಯಮ್ಮನಿಗೆ ಆಗ ಹೊಳೆಯಲಿಲ್ಲ.

ವಿಮಾನ, ಹೋಟೆಲು, ಎತ್ತರದ ಕಟ್ಟಡ ಎಲ್ಲ ಹೇಳುತ್ತಾ ಕೂತರೆ ಅದೇ ಒಂದು ಪುರಾಣವಾಗುತ್ತದೆ. ಕೋಣೆಯ ಬಾಗಿಲು ತೆರೆಯಲು ಕೊಟ್ಟ ಕಾರ್ಡನ್ನು ಅವಳು ಒಳಗೇ ಮರೆತು ಬಾಗಿಲೆಳೆದುಕೊಂಡಳು, ಅಭ್ಯಾಸಬಲದಿಂದ ಬಾಗಿಲಿಗೆ ಏಟು ಕೊಟ್ಟಳು, ಎದುರು ಕೋಣೆಯಿಂದ ಒಬ್ಬ ಎತ್ತರದ ಹೆಂಗಸು ಇಣುಕಿ ನೋಡಿ, ತಾನೂ ಬಂದು ಅದೇ ಬಾಗಿಲಿಗೆ ಒಂದು ಒದೆ ಕೊಟ್ಟಳು. ಹಾಗೆ ಶುರುವಾಯಿತು ಸ್ನೇಹ. ಚಳಿದೇಶದವಳು, ಕೆನ್ನೆ ಕೆಂಪು, ಊರಿನಲ್ಲಿ ಜೇನು ಸಾಕುವ ಹೆಂಗಸರ ಸಂಘ ನಡೆಸುತ್ತಿದ್ದಳು. ತಾಳ್ಮೆಯಮ್ಮ ಅವಳಿಗೆ ಜೇನಮ್ಮ ಎಂದು ಹೆಸರಿಟ್ಟಳು. ಒಬ್ಬರ ಭಾಷೆ ಒಬ್ಬರಿಗೆ ಬರುತ್ತಿರಲಿಲ್ಲ, ಆದರೆ ಬಾಗಿಲನ್ನು ಬೈಯುವುದಕ್ಕೆ ಭಾಷೆ ಯಾಕೆ ಬೇಕು?

ಸಮ್ಮೇಳನದ ಸಭಾಂಗಣದಲ್ಲಿ ಪ್ರತಿ ಕುರ್ಚಿಗೂ ಒಂದು ಹೆಡ್‌ಫೋನು. ಅದನ್ನು ಕಿವಿಗೆ ಹಾಕಿಕೊಂಡರೆ ಲೋಕದ ಎಲ್ಲ ಭಾಷೆಗಳೂ ತಿಳಿಯುವ ಮಾತಾಗಿ ಬರುತ್ತಿದ್ದವು. ಯಾರು ಅತ್ತರೂ ಯಾರು ಆರ್ಭಟಿಸಿದರೂ ಒಳಗಿನ ದನಿ ಮಾತ್ರ ಒಂದೇ ಸಮ, ಬಸ್ ನಿಲ್ದಾಣದಲ್ಲಿ ಬಸ್ಸು ಬಂತೆಂದು ಹೇಳುವವರ ಹಾಗೆ. ಆ ದನಿಯವಳನ್ನು ತಾಳ್ಮೆಯಮ್ಮ ಕಿವಿಯಮ್ಮ ಎಂದು ಕರೆದಳು. ಚಹಾ ವಿರಾಮದಲ್ಲಿ ದುಭಾಷಿಗಳು ಕೂರುವ ಗಾಜಿನ ಗೂಡಿನಿಂದ ಹೊರಬಂದ ಕಿವಿಯಮ್ಮ ನೋಡಿದರೆ ಮೊಮ್ಮಕ್ಕಳನ್ನು ಕಂಡ ವಯಸ್ಸಿನ ದಪ್ಪನೆಯ ಹೆಂಗಸು, ಕಂಕುಳಲ್ಲಿ ಅರ್ಧ ಹೆಣೆದ ಸ್ವೆಟರು. ಜೇನಮ್ಮನ ಮಾತನ್ನು ತಾಳ್ಮೆಯಮ್ಮನಿಗೆ, ತಾಳ್ಮೆಯಮ್ಮನ ಮಾತನ್ನು ಜೇನಮ್ಮನಿಗೆ ದಾಟಿಸುತ್ತಾ ಅವರಿಬ್ಬರ ಬಿಸ್ಕತ್ತನ್ನೂ ಅವಳೇ ಮುಗಿಸುತ್ತಿದ್ದಳು.

ಯಾವಾಗ ವೇದಿಕೆಗೆ ಕರೆಯುತ್ತಾರೋ ಏನೋ ಎಂದು ತಾಳ್ಮೆಯಮ್ಮ ದಿನಾ ಬೆಳಗ್ಗೆ ಹೋಟೆಲಿನ ತಿಂಡಿಮೇಜಿನಿಂದ ಒಂದು ಬೆಂದ ಮೊಟ್ಟೆಯನ್ನು ಕರವಸ್ತ್ರದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಕೈಯಲ್ಲಿ ಮೊಟ್ಟೆಯಿಲ್ಲದೆ ಮಾತಾಡುವುದು ಅವಳಿಗೆ ಮರೆತೇ ಹೋಗಿತ್ತು.

ಸಮ್ಮೇಳನದ ಎರಡನೇ ದಿನ ಪ್ರತಿನಿಧಿಗಳನ್ನು ಗುಂಪು ಗುಂಪಾಗಿ ಕೂರಿಸಿದರು. ಕನ್ನಡಕದ ಸಂಘಟಕಿಯೊಬ್ಬಳು ಮುಗುಳ್ನಗುತ್ತಾ ಕೇಳಿದಳು, ನಿಮ್ಮ ನಿಮ್ಮ ಸಂಘ ನಿಮ್ಮನ್ನು ಹೇಗೆ ಆರಿಸಿತು ಎಂದು. ಜೇನಮ್ಮ ಎದೆಯುಬ್ಬಿಸಿ, ಒಮ್ಮತದಿಂದ ಎಂದಳು. ಮೀನಿನ ಬಲೆ ಹೆಣೆಯುವವಳೂ ಒಮ್ಮತದಿಂದ ಎಂದಳು. ಕುರಿಯುಣ್ಣೆಯವಳು, ಸಾಬೂನಿನವಳು, ಬೀಜದವಳು, ಎಲ್ಲರದೂ ಒಮ್ಮತ. ನಾನು ಕೇಳಿ ಮುಗಿಸುವ ಮೊದಲೇ ಕೈ ಎತ್ತಿಬಿಟ್ಟರು ಎಂದು ಒಬ್ಬಳು ಹೆಮ್ಮೆಪಟ್ಟಳು. ಸಂಘಟಕಿಗೆ ಖುಷಿಯೋ ಖುಷಿ.

ತಾಳ್ಮೆಯಮ್ಮನಿಗೆ ಮಾತ್ರ ಇದು ನಂಬುವಂತೆ ಕಾಣಲಿಲ್ಲ. ಗೋದಾಮಿನ ಬಾಗಿಲಿಗೆ ಯಾವ ಬಣ್ಣ ಬಳಿಯಬೇಕೆಂದು ತೀರ್ಮಾನಿಸಲು ಅವಳ ಸಂಘ ಒಂದು ಬೇಸಿಗೆ, ಒಂದು ಮಳೆಗಾಲ ಜಗಳವಾಡಿತ್ತು. ಹೆಂಗಸರ ಸಂಘ, ಅದೂ ಹಳ್ಳಿಯದು, ಕೇಳಿ ಮುಗಿಸುವ ಮೊದಲೇ ಒಮ್ಮತವೇ? ಲೋಕದ ಮೂಲೆ ಮೂಲೆಯಲ್ಲೂ?

ಚಹಾದ ಹೊತ್ತಿಗೆ ಅವಳು ಕಿವಿಯಮ್ಮನನ್ನು ಎಳೆದುಕೊಂಡು ಜೇನಮ್ಮನ ಮುಂದೆ ನಿಂತಳು.

"ನಿಮ್ಮ ಸಂಘದಲ್ಲಿ ಅಧ್ಯಕ್ಷರ ಚುನಾವಣೆ ಯಾವಾಗ ಅಂತ ಕೇಳಿ."

ಕಿವಿಯಮ್ಮ ಕೇಳಿದಳು. ಜೇನಮ್ಮ ಹೇಳಿದಳು. "ಇದೇ ವಾರ ಅಂತೆ," ಎಂದಳು ಕಿವಿಯಮ್ಮ ಅದೇ ಬಸ್ ನಿಲ್ದಾಣದ ದನಿಯಲ್ಲಿ. "ನಿಮ್ಮದು ಯಾವಾಗ ಅಂತ ಕೇಳ್ತಿದಾರೆ."

ತಾಳ್ಮೆಯಮ್ಮನದೂ ಇದೇ ವಾರ. ವಾರ್ಷಿಕ ಸಭೆಯ ದಿನ ಸಮ್ಮೇಳನದ ನಡುವೆ ಬೀಳುತ್ತದೆಂದು ಅವಳಿಗೆ ಗೊತ್ತಿತ್ತು. ತಾನಿಲ್ಲದೆ ಸಭೆ ನಡೆಯಲಿಕ್ಕುಂಟೇ, ಮುಂದೂಡುತ್ತಾರೆ ಎಂದುಕೊಂಡಿದ್ದಳು. ಈಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹಾವನ್ನೇ ಹಾರ ಹಾಕಿ ವಿಮಾನ ಹತ್ತಿಸಿದ್ದರು. ಜೇನಮ್ಮ ಕಪ್ಪು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ನಗುತ್ತಲೇ ಹೋಗಿ ಬಲೆಯವಳಿಗೆ ಹೇಳಿದಳು, ಬಲೆಯವಳು ಉಣ್ಣೆಯವಳಿಗೆ ಹೇಳಿದಳು. ಸುದ್ದಿ ಚಹಾ ಮೇಜಿನ ಸುತ್ತ ಒಂದು ಸುತ್ತು ಬರುವಷ್ಟರಲ್ಲಿ ಅರ್ಧ ಜನ ನಗುತ್ತಿದ್ದರು, ಅರ್ಧ ಜನ ಊರಿಗೆ ಫೋನು ಹಚ್ಚುತ್ತಿದ್ದರು.

ತಾಳ್ಮೆಯಮ್ಮ ಫೋನು ಹಚ್ಚಿದವರ ಗುಂಪಿನಲ್ಲಿದ್ದಳು. ಗಂಡ ಎತ್ತಿದ. ಊರಲ್ಲಿ ಏನು ನಡೀತಿದೆ ಎಂದು ಕೇಳಿದರೆ ಕೋಳಿಗಳು ಚೆನ್ನಾಗಿವೆ ಎಂದ. ಕೋಳಿ ವಿಷಯ ಅಲ್ಲ, ಸಂಘದ ವಿಷಯ ಎಂದು ಅವಳು ಗದರಿದ ಮೇಲೆ ಸೈಕಲ್ಲಿಗೆ ಗಾಳಿ ಹೊಡೆಯುವುದನ್ನು ನಿಲ್ಲಿಸಿದ.

"ನಿನ್ನ ಕುರ್ಚಿಗೆ ದಿಂಬು ಹಾಕಿದಾರೆ," ಎಂದ ಅವನು.

"ಯಾರು?"

"ಕೂತಿರೋರು."

ಕೂತಿರುವವಳು ಓರಗಿತ್ತಿ. ಸದ್ಯಕ್ಕೆ ಅವಳು ಹಂಗಾಮಿ, ತಾಳ್ಮೆಯಮ್ಮ ಬಂದ ಮೇಲೆ ಇನ್ನೊಂದು ಸಭೆ ಸೇರಿ ಖಾಯಂ ಮಾಡುವುದು ಎಂದು ವಾರ್ಷಿಕ ಸಭೆಯಲ್ಲಿ ತೀರ್ಮಾನವಾಗಿತ್ತು. ಅಷ್ಟು ಹೇಳಿಸಲು ಅವಳು ಗಂಡನ ಬಾಯಿಗೆ ಕೈ ಹಾಕಿ ಎಳೆಯಬೇಕಾಯಿತು. ಫೋನು ಇಟ್ಟ ಮೇಲೆ ಅವಳಿಗೆ ಮೈಯೆಲ್ಲ ಉರಿಯಿತು. ಆ ಕುರ್ಚಿಯಲ್ಲದೆ ಊರಿನಲ್ಲಿ ತನ್ನದು ಎಂದು ಹೇಳಿಕೊಳ್ಳಲು ಇನ್ನೇನಿತ್ತು? ಮನೆ ಅತ್ತೆಯದು, ಕೋಳಿ ಸಂಘದ್ದು, ಗಂಡನೋ ಸೈಕಲ್ಲುಗಳದು. ಕುರ್ಚಿ ಒಂದೇ ಅವಳದಾಗಿತ್ತು, ಈಗ ಅದರ ಮೇಲೆ ದಿಂಬು.

ಸಮ್ಮೇಳನದ ಕೊನೆಯ ದಿನ ಮುಂದಿನ ಸಮ್ಮೇಳನ ಎಲ್ಲಿ ಎಂಬ ಪ್ರಶ್ನೆ ಎದ್ದಿತು. ಒಂದು ಒರೆಯಲ್ಲಿ ಎರಡು ಕತ್ತಿ ಇರುವುದಿಲ್ಲ ಎನ್ನುತ್ತಾರೆ. ಇಲ್ಲಿ ಒಂದೇ ಸಭಾಂಗಣದಲ್ಲಿ ಲೋಕದ ಅಧ್ಯಕ್ಷೆಯರೆಲ್ಲ ಸೇರಿದ್ದರು, ಕೇಳಿಸಿಕೊಳ್ಳಲು ಒಬ್ಬಳಾದರೂ ಸದಸ್ಯೆ ಇರಲಿಲ್ಲ. ಎಲ್ಲರೂ ನಮ್ಮ ಊರಲ್ಲಿ ಎಂದರು, ಎಲ್ಲರೂ ಎದ್ದು ನಿಂತರು, ಎಲ್ಲರೂ ಉಳಿದವರಿಗೆ ಕೂರಲು ಹೇಳಿದರು. ಕನ್ನಡಕದ ಸಂಘಟಕಿ ಗಂಟೆ ಬಾರಿಸಿ ಬಾರಿಸಿ ಸುಸ್ತಾದಳು. ಹೆಡ್‌ಫೋನಿನೊಳಗೆ ಕಿವಿಯಮ್ಮ ಭಾಷಾಂತರ ನಿಲ್ಲಿಸಿ, "ಎಲ್ಲರೂ ಒಟ್ಟಿಗೆ ಕಿರುಚ್ತಿದಾರೆ. ನಾನೂ ಕಿರುಚ್ಬೇಕಾ, ಅಥವಾ ಸ್ವೆಟರ್ ಹೆಣೀಲಾ?" ಎಂದು ಕೇಳಿದಳು.

ಆಗ ಜೇನಮ್ಮ ತಾಳ್ಮೆಯಮ್ಮನ ತೋಳು ಹಿಡಿದು ವೇದಿಕೆಗೆ ತಳ್ಳಿದಳು. ಮೊಟ್ಟೆಯ ನಿಯಮವನ್ನು ಚಹಾದ ಹೊತ್ತಿನಲ್ಲಿ ಕೇಳಿ ತಿಳಿದಿದ್ದಳು, ಹಸಿಯೋ ಬೆಂದದ್ದೋ ಎಂಬುದನ್ನು ಬಿಟ್ಟು. ತಾಳ್ಮೆಯಮ್ಮ ಕೈಚೀಲದಿಂದ ಮೊಟ್ಟೆ ತೆಗೆದು ಅಂಗೈಯಲ್ಲಿಟ್ಟುಕೊಂಡು ಮಾತು ಶುರು ಮಾಡಿದಳು. ಸಭಾಂಗಣ ಮೆಲ್ಲಗೆ ಅಡಗಿತು. ಮೊಟ್ಟೆ ಹಿಡಿದವಳಿಗೆ ಕೋಪ ಬರಬಾರದು, ಬಂದರೂ ಕೈಗೆ ಇಳಿಯಬಾರದು ಎಂದು ಅವಳು ಮೆಲುದನಿಯಲ್ಲಿ ವಿವರಿಸುತ್ತಿದ್ದಳು. ಚೆನ್ನಾಗಿಯೇ ನಡೆಯುತ್ತಿತ್ತು. ನಡುವೆ ಯಾರೋ ಎದ್ದು, ಊರಲ್ಲಿ ನಿಮ್ಮ ಸಂಘ ಈಗ ಯಾರ ಕೈಯಲ್ಲಿದೆ ಎಂದು ಕೇಳಿದರು. ಕೇಳಿದವಳಲ್ಲಿ ಕೇಡಿರಲಿಲ್ಲ, ಸುಮ್ಮನೆ ಕೇಳಿದ್ದಳು. ತಾಳ್ಮೆಯಮ್ಮನ ಕಣ್ಣ ಮುಂದೆ ದಿಂಬು ಬಂದು ನಿಂತಿತು.

ಮುಷ್ಟಿ ತಾನಾಗಿ ಬಿಗಿಯಿತು. ಮೇಜಿನ ಮೇಲೆ ಬಿತ್ತು, ಮತ್ತೆ ಬಿತ್ತು, ಇನ್ನೊಮ್ಮೆ ಬಿದ್ದಾಗ ನೀರಿನ ಲೋಟ ಹಾರಿತು. ಮುಂದಿನ ಸಾಲಿನವರು ಹಿಂದಕ್ಕೆ ಸರಿದರು. ಅವಳಿಗೆ ಎಚ್ಚರವಾಯಿತು. ಇನ್ನೇನು ಮಾಡಲಿಕ್ಕಿದೆ, ಕೈಯನ್ನು ಮೇಲೆತ್ತಿ ಬಿರುಕಿಲ್ಲದ ಕಡೆಯನ್ನು ಜನಕ್ಕೆ ತಿರುಗಿಸಿ ಮುಷ್ಟಿ ಬಿಡಿಸಿದಳು. ಒಂದು ಹನಿಯೂ ಸೋರಿರಲಿಲ್ಲ. ಸಭಾಂಗಣವೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಇಷ್ಟು ಕೋಪ, ಇಷ್ಟು ತಾಳ್ಮೆ, ಒಂದೇ ಕೈಯಲ್ಲಿ ಎಂದು ಸಂಘಟಕಿ ಕಣ್ಣೊರೆಸಿಕೊಂಡಳು. ಫೋಟೋದವನು ಎರಡು ಚಿತ್ರ ಹೊಡೆದ, ಮುಷ್ಟಿ ಮೇಜಿಗೆ ಬಡಿದದ್ದು ಒಂದು, ಮೊಟ್ಟೆ ಎತ್ತಿಹಿಡಿದದ್ದು ಒಂದು. ಎರಡೂ ಅಂದೇ ಸಂಜೆ ಎಲ್ಲ ಸಂಘಗಳ ಮೊಬೈಲಿಗೂ ಹೋದವು.

ವಿಮಾನದಲ್ಲಿ ಕೂತು ತಾಳ್ಮೆಯಮ್ಮ ಲೆಕ್ಕ ಹಾಕಿದಳು. ಲೋಕವೇ ಕೈತಟ್ಟಿದ ಮೇಲೆ ಸಂಘ ತಟ್ಟದಿರುತ್ತದೆಯೇ? ಆ ಫೋಟೋ ನೋಡಿದ ಮೇಲೆ ದಿಂಬಿನವಳು ತಾನಾಗಿ ಎದ್ದುಹೋಗಬೇಕು. ಮನೆಗೆ ಬರುವಾಗ ದಾರಿಯುದ್ದಕ್ಕೂ ಹೆಂಗಸರು ಹೊಗಳಿದ್ದೇ ಹೊಗಳಿದ್ದು. ಚೀಲ ಇಳಿಸಿ ಕೋಳಿಗೂಡಿನ ಹತ್ತಿರ ಹೋದಳು. ಎರಡು ಮನೆಗಳ ನಡುವಿನ ಗಿಡ್ಡ ಗೋಡೆಯ ಮೇಲೆ ಓರಗಿತ್ತಿಯ ಮುಖ ಕಾಣಿಸಿತು.

"ಅಕ್ಕ, ಫೋಟೋ ಎರಡೂ ಚೆನ್ನಾಗಿ ಬಂದಿದೆ," ಎಂದಳು ಓರಗಿತ್ತಿ. "ಮೇಜು ಗಟ್ಟಿ ಇತ್ತಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತೆ. ತಾಳ್ಮೆಯಮ್ಮ ಅರಿವಿಲ್ಲದೆ ಅಂಗೈ ಒರೆಸಿಕೊಂಡಳು. ಊರಿಗೆ ಊರೇ ನೋಡಿ ಮೆಚ್ಚಿದ ಚಿತ್ರವನ್ನು ಇವಳೊಬ್ಬಳು ಬಲ್ಬಿಗೆ ಹಿಡಿದು ನೋಡಿದ್ದಳು. ಗಟ್ಟಿಯೇ ಇತ್ತು ಎಂದು ಹೇಗೋ ಹೇಳಿ ಒಳಗೆ ಹೋದವಳಿಗೆ ಆ ದಿನ ಊಟ ಸೇರಲಿಲ್ಲ. ಇನ್ನು ಕುರ್ಚಿಯ ಮಾತು ಹಾಗಿರಲಿ, ಇಷ್ಟು ವರ್ಷದ ಹೆಸರೇ ಹೋಗುತ್ತದೆ. ಓರಗಿತ್ತಿ ಸಭೆಯಲ್ಲಿ ಬಾಯಿ ಬಿಟ್ಟರೆ ಸಾಕು, ತಾಳ್ಮೆಯಮ್ಮ ಮತ್ತೆ ಸಿಡುಕಿ, ಅದೂ ಮೋಸಗಾತಿ ಸಿಡುಕಿ.

ಸಭೆಯ ಬೆಳಗ್ಗೆ ಗಂಡ ಎಂದಿನಂತೆ ಮೊಟ್ಟೆ ಬೇಯಿಸಿ ಕೈಚೀಲದಲ್ಲಿಟ್ಟ. ಗೋದಾಮಿನಲ್ಲಿ ಹೆಂಗಸರೆಲ್ಲ ಬೆಂಚುಗಳ ಮೇಲೆ ಒತ್ತಿಕೊಂಡು ಕೂತಿದ್ದರು. ಓರಗಿತ್ತಿ ಕುರ್ಚಿಯಲ್ಲಿದ್ದಳು, ದಿಂಬು ನಿಜಕ್ಕೂ ಇತ್ತು, ಹೂವಿನ ಚಿತ್ರದ್ದು. ಮೊದಲು ಕಾರ್ಯದರ್ಶಿ ಎದ್ದು, ನೀವಿಲ್ಲದಾಗ ಒಂದು ಹೊಸ ನಿಯಮ ಪಾಸಾಗಿದೆ ಎಂದಳು. ಮನೆಯಿಂದ ಮೊಟ್ಟೆ ತರುವ ಪದ್ಧತಿ ಬೇಡ, ಮಾತಾಡುವವರಿಗೆಲ್ಲ ಕುರ್ಚಿಯ ಪಕ್ಕದ ಬುಟ್ಟಿಯಿಂದಲೇ ಮೊಟ್ಟೆ. ಯಾಕೆ ಈ ನಿಯಮ ಎಂದು ಕಾರ್ಯದರ್ಶಿಗೂ ಗೊತ್ತಿರಲಿಲ್ಲ, ಹಂಗಾಮಿ ಅಧ್ಯಕ್ಷೆ ಹೇಳಿದ್ದಕ್ಕೆ ಕೈ ಎತ್ತಿದ್ದರು.

ಓರಗಿತ್ತಿ ಬುಟ್ಟಿಯಿಂದ ಒಂದು ಮೊಟ್ಟೆ ಆರಿಸಿ ತಾಳ್ಮೆಯಮ್ಮನ ಅಂಗೈಯಲ್ಲಿ ಇಟ್ಟಳು. ಕೈಗೆ ಬಿದ್ದ ಕೂಡಲೇ ತಾಳ್ಮೆಯಮ್ಮನಿಗೆ ತಿಳಿಯಿತು. ಒಳಗೆ ಏನೋ ಮೆಲ್ಲಗೆ ಹೊರಳಿದ ಹಾಗೆ ಭಾರ ಆ ಕಡೆ ಈ ಕಡೆ ಸರಿಯುತ್ತಿತ್ತು. ಶುದ್ಧ ಹಸಿ.

ಹಸಿ ಮೊಟ್ಟೆ ಹಿಡಿದು ಅವಳು ಮಾತಾಡದೆ ಎಷ್ಟು ಕಾಲವಾಗಿತ್ತೋ. ಬೆರಳು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಮೈ ಬೆವರಿತು, ಕೈ ಒದ್ದೆಯಾಯಿತು. ಜೋರಾಗಿ ಉಸಿರು ಬಿಡಲೂ ಭಯ. ಇಷ್ಟು ವರ್ಷ ಇವರೆಲ್ಲ ಹೀಗೇ ಮಾತಾಡಿದರಲ್ಲ, ಹೀಗೇ ನಿಂತವಳ ಮೇಲೆ ನಾನು ನೆಗಡಿಯ ಜೋಕು ಹಾರಿಸಿದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಕುರ್ಚಿಯ ಬಗ್ಗೆ ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಮರೆತುಹೋಯಿತು. ಸಮ್ಮೇಳನದಲ್ಲಿ ಕಂಡದ್ದನ್ನೇ ಮೆಲ್ಲಗೆ, ಒಂದೊಂದೇ ಮಾತು ನೆಲಕ್ಕೆ ಊರುವ ಹಾಗೆ ಹೇಳತೊಡಗಿದಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ, ಹಿಂದಿನ ಬೆಂಚಿನವರು ಮುಂದಕ್ಕೆ ಬಗ್ಗಿದರು.

"ಅಲ್ಲಿ ಲೋಕದ ಎಲ್ಲ ಕಡೆಯಿಂದ ಬಂದಿದ್ರು. ಎಲ್ಲರನ್ನೂ ಒಮ್ಮತದಿಂದ ಆರಿಸಿದ್ರಂತೆ," ಎಂದಳು. "ಕೇಳಿ ಮುಗಿಸೋ ಮೊದಲೇ ಎಲ್ಲರೂ ಕೈ ಎತ್ತಿದ್ರಂತೆ. ಒಬ್ಬಳ ಊರಲ್ಲಂತೂ ಕಾರ್ಯದರ್ಶಿ ಎರಡೂ ಕೈ ಎತ್ತಿದ್ಳಂತೆ."

ಕಾರ್ಯದರ್ಶಿ ಛಾವಣಿಯ ಜಂತಿ ಎಣಿಸತೊಡಗಿದಳು.

"ಹಾಗೆ ಬಂದವರೆಲ್ಲ ಸೇರಿ ಒಂದು ದೊಡ್ಡ ಹಾಲ್‌ನಲ್ಲಿ ಕೂತಿದ್ವಿ. ಯಾಕೆ ಕಳಿಸಿದಾರೆ ಅಂತ ಗೊತ್ತಾಗೋಕೆ ನಮಗೆ ಒಂದು ಚಹಾ ಬೇಕಾಯ್ತು."

ಹಿಂದಿನ ಬೆಂಚಿನಿಂದ ಒಂದು ಕಿಸಕ್ಕನೆ ಸದ್ದು ಬಂತು. ಯಾರೋ ಕೆಮ್ಮಿ ಅದನ್ನು ಮುಚ್ಚಲು ನೋಡಿ ತಾವೇ ಸಿಕ್ಕಿಬಿದ್ದರು. ಕುರ್ಚಿಯಲ್ಲಿ ಓರಗಿತ್ತಿ ತುಟಿ ಕಚ್ಚಿಕೊಂಡಿದ್ದಳು, ಅವಳ ಭುಜ ಕುಣಿಯುತ್ತಿತ್ತು. ಕತ್ತಲೆ ಕೋಣೆಯ ಆ ಹೆಂಗಸು ನಗುವುದನ್ನು ತಾಳ್ಮೆಯಮ್ಮ ಎಂದೂ ನೋಡಿರಲಿಲ್ಲ. ನೋಡಿದ್ದೇ ತಡ, ಬಾಗಿಲಿಗೆ ಒದ್ದ ಜೇನಮ್ಮ, ಸ್ವೆಟರಿನ ಕಿವಿಯಮ್ಮ, ಹಾರ ಹಾಕಿಸಿಕೊಂಡು ವಿಮಾನ ಹತ್ತಿದ ತಾನು, ಎಲ್ಲ ಒಟ್ಟಿಗೆ ನೆನಪಾಗಿ ಅವಳಿಗೂ ನಗು ಒತ್ತರಿಸಿಕೊಂಡು ಬಂತು. ತಡೆಯಲು ಮುಷ್ಟಿ ಬಿಗಿದಳು. ಪಚಕ್. ಹಳದಿ ಮೊಣಕೈವರೆಗೆ ಇಳಿಯಿತು.

ನಗು ನಿಂತ ಮೇಲೆ ಎಲ್ಲರಿಗೂ ನಿಯಮ ನೆನಪಾಯಿತು. ಕೋಪಕ್ಕೆ ಒಡೆದರೆ ಎಂದು ಹೇಳಿದ್ದೇ ಹೊರತು ನಗುವಿಗೆ ಒಡೆದರೆ ಏನು ಎಂದು ಯಾರೂ ಯೋಚಿಸಿರಲಿಲ್ಲ. ತಾಳ್ಮೆಯಮ್ಮನೇ ಒಡೆದದ್ದು ಒಡೆದದ್ದೇ ಎಂದು ಕೈ ಒರೆಸಿಕೊಂಡು ಹೋಗಿ ಬೆಂಚಿನ ತುದಿಯಲ್ಲಿ ಕೂತಳು. ಓರಗಿತ್ತಿಗೆ ಕುರ್ಚಿ ಖಾಯಂ ಆಯಿತು. ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೆಂಚು ಗಟ್ಟಿಯಿತ್ತು, ಬೆನ್ನಿಗೆ ಆಸರೆ ಇರಲಿಲ್ಲ, ಮುಂದೆ ಕೂತವಳ ತಲೆ ಅಡ್ಡ ಬರುತ್ತಿತ್ತು. ಕಣ್ಣಲ್ಲಿ ನೀರು ಬಂದದ್ದನ್ನು ನಗುವಿನ ಲೆಕ್ಕಕ್ಕೆ ಹಾಕಿದಳು.

ಹೊಸ ಅಧ್ಯಕ್ಷೆ ಎದ್ದು, ಬುಟ್ಟಿಯಿಂದ ಮೊಟ್ಟೆ ತೆಗೆದು, ಕತ್ತಲೆ ಕೋಣೆಗೆ ಫ್ಯಾನು ಎಂದು ಶುರು ಮಾಡಿದಳು. ಕೂಡಲೇ ಕಾರ್ಯದರ್ಶಿ ಮುಂದಿನ ವರ್ಷ ನೋಡೋಣ ಎಂದಳು. ಇನ್ನೊಬ್ಬಳು ಗಾಳಿಗೆ ಬಲ್ಬು ಅಲುಗಾಡುತ್ತದೆ ಎಂದಳು. ಮಗದೊಬ್ಬಳು ಹಳೆಯ ನೆಗಡಿಯ ಜೋಕನ್ನೇ ಹೊಸದಾಗಿ ಹೇಳಿದಳು. ಓರಗಿತ್ತಿ ಮೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬೆಂಚಿನ ತುದಿಯಲ್ಲಿ ತಾಳ್ಮೆಯಮ್ಮನ ನಾಲಿಗೆ ತುರಿಸುತ್ತಿತ್ತು, ಆದರೆ ಬಾಯಿ ಬಿಡುವಂತಿರಲಿಲ್ಲ, ನಿಯಮ ಅವಳದೇ.

ಓರಗಿತ್ತಿ ಮಾತು ನಿಲ್ಲಿಸಿ ಅವಳತ್ತ ನೋಡಿದಳು, ಒಂದು ಸಲ ಈ ಕಡೆಯಿಂದ, ಒಂದು ಸಲ ಆ ಕಡೆಯಿಂದ. ನಂತರ, ನಗುವಿಗೆ ಒಡೆದ ಮೊಟ್ಟೆಗೆ ಇನ್ನೊಂದು ಅವಕಾಶ ಉಂಟು ಎಂದು ಸಭೆಗೆ ಹೇಳಿ ಬೆಂಚಿನ ಹತ್ತಿರ ಬಂದಳು. ಬುಟ್ಟಿಗೆ ಕೈ ಹಾಕಲಿಲ್ಲ. ಬಗ್ಗಿ ಕಿವಿಯಲ್ಲಿ ಹೇಳಿದಳು:

"ನಿಮ್ಮ ಚೀಲದಲ್ಲಿ ಒಂದಿದೆಯಲ್ಲ ಅಕ್ಕ, ಅದನ್ನೇ ತಗೊಳ್ಳಿ. ಮೇಜು ಕುಟ್ಟಿದ್ರೂ ಪರವಾಗಿಲ್ಲ."

ತಾಳ್ಮೆಯಮ್ಮ ಎದ್ದಳು. ಗೋದಾಮು ಅಂಥ ಭಾಷಣವನ್ನು ಹಿಂದೆ ಕೇಳಿರಲಿಲ್ಲ. ಮೇಜಿನ ಒಂದು ಕಾಲು ಸಡಿಲವಾಯಿತು, ಕಾರ್ಯದರ್ಶಿಯ ಕತ್ತರಿ ಕೆಳಗೆ ಬಿತ್ತು. ಮಾತು ಮುಗಿಯುವ ಹೊತ್ತಿಗೆ ಫ್ಯಾನು ಪಾಸಾಗಿತ್ತು, ಗೋಡೆ ಒಡೆದು ಮುಚ್ಚಿ ತೆರೆಯುವ ಕಿಟಕಿಯೊಂದನ್ನು ಇಡಿಸುವುದೂ ಪಾಸಾಗಿತ್ತು. ಇಷ್ಟಾದರೂ ಮೊಟ್ಟೆ ಸೋರಲಿಲ್ಲ ನೋಡಿ, ಎಂಥ ತಾಳ್ಮೆ ಎಂದು ಹೆಂಗಸರು ಮಾತಾಡಿಕೊಳ್ಳುತ್ತಾ ಮನೆಗೆ ಹೋದರು.

ಸಂಜೆ ಗಂಡ ಕೈಚೀಲದಿಂದ ಮೊಟ್ಟೆ ತೆಗೆದ. ಸುಲಿಯಲು ಚಿಪ್ಪೇ ಉಳಿದಿರಲಿಲ್ಲ, 'ಹ್ಞಾ' ಎಂದು ಪುಡಿ ಕೊಡವಿದ. ಕುರ್ಚಿ ಹೋಯಿತೇ ಎಂದು ಕೇಳಿದ, ಹೋಯಿತು ಎಂದಳು. ಅವನು ಮೊಟ್ಟೆಯನ್ನು ಎರಡು ಭಾಗ ಮಾಡಿ, ಉಪ್ಪು ಹಾಕಿ, ದೊಡ್ಡ ಭಾಗವನ್ನು ಅವಳ ಮುಂದಿಟ್ಟ. ಇಬ್ಬರೂ ಹಿತ್ತಿಲ ಮೆಟ್ಟಿಲ ಮೇಲೆ ಕೂತು ತಿನ್ನುತ್ತಿರುವಾಗ ಗಿಡ್ಡ ಗೋಡೆಯ ಆಚೆಯಿಂದ ಹೊಸ ಅಧ್ಯಕ್ಷೆಯ ದನಿ ಕೇಳಿಸಿತು.

"ಭಾವ, ಮುಂದಿನ ಸಭೆಗೆ ಎರಡು ಬೇಯ್ಸಿ."